ನಡು ಶತಮಾನದ ಬ್ಯಾಲೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬ್ಯಾಲೆ ಬಗ್ಗೆ ಮಾತು ತೆಗೆದರೆ ಸಾಕು, ಬರುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. 1940ರಿಂದ 1960ರ ದಶಕದವರೆಗಿನ ಕಾಲಕ್ಕೆ ಸೇರಿದವನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೆಲವಕ್ಕೆ ಉದ್ದದ ಉತ್ತರ, ಕೆಲವಕ್ಕೆ ನಾಲ್ಕೇ ಸಾಲು. ಮೊದಲಿಂದ ಕೊನೆವರೆಗೆ ಓದಲೇಬೇಕು ಅಂತೇನಿಲ್ಲ, ಬೇಕಾದ ಪ್ರಶ್ನೆಗೆ ಹೋಗಬಹುದು.

ಬ್ಯಾಲೆಗೆ ಮುನ್ನೂರು ವರ್ಷಕ್ಕೂ ಮೀರಿದ ಇತಿಹಾಸ ಇದೆಯಲ್ಲ, ಈ ಇಪ್ಪತ್ತು ಮೂವತ್ತು ವರ್ಷಗಳೇ ಯಾಕೆ?

ಯಾಕಂದ್ರೆ ಇವತ್ತು ನಾವು "ಹಳೇ ಸಂಪ್ರದಾಯ" ಅಂದುಕೊಂಡು ನೋಡುವ ಬ್ಯಾಲೆಯ ಬಹುಪಾಲು ಕಟ್ಟಡ ಎದ್ದದ್ದು ಆಗಲೇ. ಲಂಡನ್ನಿನ ರಾಯಲ್ ಬ್ಯಾಲೆಗೆ ಆ ಹೆಸರು ಸಿಕ್ಕಿದ್ದು 1956ರಲ್ಲಿ. ಅಮೆರಿಕನ್ ಬ್ಯಾಲೆ ಥಿಯೇಟರ್ ಮೊದಲ ಪ್ರದರ್ಶನ ಕೊಟ್ಟಿದ್ದು 1940ರಲ್ಲಿ, ನ್ಯೂಯಾರ್ಕ್ ಸಿಟಿ ಬ್ಯಾಲೆ ಶುರುವಾದದ್ದು 1948ರಲ್ಲಿ. ಕ್ಯೂಬಾದ ತಂಡವೂ 1948ರದ್ದೇ. ಕೆನಡಾದ ನ್ಯಾಷನಲ್ ಬ್ಯಾಲೆ 1951, ಆಸ್ಟ್ರೇಲಿಯಾದ್ದು 1962. ಅಮೆರಿಕದಲ್ಲಿ ಕ್ರಿಸ್‌ಮಸ್ ಬಂತು ಅಂದ್ರೆ ಮಕ್ಕಳನ್ನು ಕರ್ಕೊಂಡು "ನಟ್‌ಕ್ರ್ಯಾಕರ್" ನೋಡಲು ಹೋಗುವ ರೂಢಿ ಇದೆಯಲ್ಲ, ಅದು ಬೇರೂರಿದ್ದೂ 1954ರ ನ್ಯೂಯಾರ್ಕ್ ಪ್ರದರ್ಶನದ ನಂತರವೇ.

ಇನ್ನೊಂದು ಕಾರಣವೂ ಇದೆ. ಬ್ಯಾಲೆ ಅಂದ್ರೆ ಗಾಜಿನ ಬೀರುವಿನಲ್ಲಿಟ್ಟ ನಾಜೂಕು ಕಲೆ ಅನ್ನೋ ಭಾವನೆ ಜನರಲ್ಲಿದೆ. ಆದರೆ ಈ ಕಾಲದ ಬ್ಯಾಲೆ ನಡೆದದ್ದು ಬಾಂಬು, ರೇಷನ್ ಕೂಪನ್, ಪಾಸ್‌ಪೋರ್ಟ್, ಗೂಢಚಾರರ ಮಧ್ಯೆ. ಅದನ್ನು ತಿಳಿಯದೆ ನೋಡಿದರೆ ಅರ್ಧ ಕಥೆ ಕೈತಪ್ಪುತ್ತದೆ.

ಬ್ಯಾಲೆ ರಷ್ಯಾದ್ದಾ, ಫ್ರಾನ್ಸಿನದ್ದಾ?

ಇಟಲಿಯ ಅರಮನೆಗಳಲ್ಲಿ ಹುಟ್ಟಿ, ಫ್ರಾನ್ಸಿನಲ್ಲಿ ಶಾಸ್ತ್ರ ಕಲಿತು, ರಷ್ಯಾದಲ್ಲಿ ದೊಡ್ಡದಾಯಿತು. ಹದಿನಾಲ್ಕನೇ ಲೂಯಿ 1661ರಲ್ಲಿ ನೃತ್ಯಕ್ಕೆ ಅಕಾಡೆಮಿ ಮಾಡಿದ. ಅದಕ್ಕೇ ಇಂದಿಗೂ ಹೆಜ್ಜೆಗಳ ಹೆಸರೆಲ್ಲ ಫ್ರೆಂಚ್. ಆಮೇಲೆ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ನೃತ್ಯ ಸಂಯೋಜಕ ಮಾರಿಯಸ್ ಪೆಟಿಪಾ "ಸ್ಲೀಪಿಂಗ್ ಬ್ಯೂಟಿ" (1890) ಮಾಡಿದರು. ಐದು ವರ್ಷದ ನಂತರ ಲೆವ್ ಇವಾನೊವ್ ಜೊತೆ ಸೇರಿ "ಸ್ವಾನ್ ಲೇಕ್" ಅನ್ನು ಹೊಸದಾಗಿ ಕಟ್ಟಿದರು. ಇಪ್ಪತ್ತನೇ ಶತಮಾನದ ಬ್ಯಾಲೆ ಬದುಕಿದ್ದು ಈ ಆಸ್ತಿಯ ಮೇಲೆ.

ಆ ಆಸ್ತಿ ರಷ್ಯಾದಿಂದ ಹೊರಗೆ ಬಂದದ್ದು ಹೇಗೆ?

ಜನರ ಜೊತೆ ಬಂತು. ಸೆರ್ಗೆ ಡಿಯಾಗಿಲೆವ್ ಅವರ "ಬ್ಯಾಲೆ ರೂಸ್" ಅನ್ನೋ ರಷ್ಯನ್ ತಂಡ 1909ರಿಂದ 1929ರವರೆಗೆ ಯುರೋಪನ್ನು ಹುಚ್ಚು ಹಿಡಿಸಿತು. ಅವರು ವೆನಿಸ್‌ನಲ್ಲಿ ತೀರಿಕೊಂಡ ಮೇಲೆ ಅವರ ಜೊತೆಗಿದ್ದವರು ಒಬ್ಬೊಬ್ಬರು ಒಂದೊಂದು ಊರು ಹಿಡಿದರು. ನಿನೆಟ್ ಡ ವಾಲ್ವಾ ಅದಕ್ಕೂ ಮುಂಚೆಯೇ ಲಂಡನ್ನಿನಲ್ಲಿ ಶಾಲೆ ತೆರೆದಿದ್ದರು, 1931ರಲ್ಲಿ ತಂಡವನ್ನೂ ಕಟ್ಟಿದರು, ಮುಂದೆ ರಾಯಲ್ ಬ್ಯಾಲೆ ಆದದ್ದು ಅದೇ. ನೃತ್ಯ ಸಂಯೋಜಕ ಜಾರ್ಜ್ ಬ್ಯಾಲಂಚೀನ್ 1933ರಲ್ಲಿ ನ್ಯೂಯಾರ್ಕಿಗೆ ಹೋದರು. ಸೆರ್ಜ್ ಲಿಫಾರ್ ಪ್ಯಾರಿಸ್ ಒಪೆರಾ ಸೇರಿದರು. ಉಳಿದವರು ಮಾಂಟೆ ಕಾರ್ಲೊ ಹೆಸರಿಟ್ಟುಕೊಂಡ ತಂಡಗಳಲ್ಲಿ ಊರೂರು ತಿರುಗಿದರು. ಅವು ಜಗಳವಾಡಿ ಎರಡಾದವು, ಹೆಸರಿಗಾಗಿ ಕೋರ್ಟಿಗೂ ಹೋದವು. ಮೂಲ ತಂಡದ ಸ್ಥಾಪಕರಲ್ಲಿ ಒಬ್ಬರಾದ ರೆನೆ ಬ್ಲೂಮ್ ಯಹೂದಿ. ನಾಜಿಗಳು ಅವರನ್ನು ಆಶ್ವಿಟ್ಝ್‌ನಲ್ಲಿ ಕೊಂದರು.

ಇನ್ನೊಬ್ಬರ ಹೆಸರು ಅಷ್ಟಾಗಿ ಯಾರೂ ಹೇಳುವುದಿಲ್ಲ: ನಿಕೊಲಾಯ್ ಸೆರ್ಗೆಯೆವ್. ಕ್ರಾಂತಿಯ ನಂತರ ದೇಶ ಬಿಟ್ಟಾಗ ಪೆಟಿಪಾ ಕಾಲದ ಬ್ಯಾಲೆಗಳ ಹೆಜ್ಜೆ ಬರೆದಿಟ್ಟ ಕಾಗದಪತ್ರಗಳನ್ನು ಜೊತೆಗೆ ತಂದರು. 1930ರ ದಶಕದಲ್ಲಿ ಡ ವಾಲ್ವಾ ತಂಡಕ್ಕೆ "ಜಿಸೆಲ್", "ಸ್ವಾನ್ ಲೇಕ್", "ನಟ್‌ಕ್ರ್ಯಾಕರ್" ಕಲಿಸಿದ್ದು ಅದನ್ನೇ ಮುಂದಿಟ್ಟುಕೊಂಡು. ಇಂಗ್ಲಿಷರ ಬ್ಯಾಲೆ ಭಂಡಾರ ತುಂಬಿದ್ದೇ ಆ ಕಾಗದಗಳಿಂದ ಅಂದರೆ ಜಾಸ್ತಿ ಹೇಳಿದಂತಾಗುವುದಿಲ್ಲ.

ಹೆಸರುಗಳೆಲ್ಲ ರಷ್ಯನ್ ಥರ ಇರುತ್ತವಲ್ಲ, ಎಲ್ಲರೂ ರಷ್ಯಾದವರಾ?

ಅರ್ಧಕ್ಕರ್ಧ ಸುಳ್ಳು! ಅಲೀಸಿಯಾ ಮಾರ್ಕೋವಾ ಲಂಡನ್ ಹುಡುಗಿ, ಹುಟ್ಟುಹೆಸರು ಲಿಲಿಯನ್ ಅಲೀಸಿಯಾ ಮಾರ್ಕ್ಸ್. ಹದಿನಾಲ್ಕರ ವಯಸ್ಸಿಗೆ ಡಿಯಾಗಿಲೆವ್ ತಂಡ ಸೇರಿದಾಗ ಹೆಸರಿಗೆ ರಷ್ಯನ್ ಬಾಲ ಅಂಟಿಕೊಂಡಿತು. ಅವರ ಜೊತೆಗಾರ ಆಂಟನ್ ಡೋಲಿನ್ ಅಸಲಿಗೆ ಪ್ಯಾಟ್ರಿಕ್ ಹೀಲಿ-ಕೇ. ಇಬ್ಬರೂ ಸೇರಿ 1950ರಲ್ಲಿ ಕಟ್ಟಿದ ಫೆಸ್ಟಿವಲ್ ಬ್ಯಾಲೆಯೇ ಇಂದಿನ ಇಂಗ್ಲಿಷ್ ನ್ಯಾಷನಲ್ ಬ್ಯಾಲೆ. ಮಾರ್ಗೊ ಫಾಂಟೇನ್ ಕೂಡ ಮನೆಯಲ್ಲಿ ಪೆಗ್ಗಿ ಹೂಕಮ್.

ಇದಕ್ಕೆ ಒಪ್ಪದ ಒಬ್ಬರು ನನಗೆ ಬಹಳ ಇಷ್ಟ. ಮರಿಯಾ ಟಾಲ್‌ಚೀಫ್ ಒಕ್ಲಹೋಮಾದ ಓಸೇಜ್ ಮೂಲನಿವಾಸಿ ಮನೆತನದವರು. ಹೆಸರನ್ನು "ಟಾಲ್‌ಚೀವಾ" ಅಂತ ಮಾಡಿಕೊಳ್ಳಿ ಎಂದು ಹೇಳಿದಾಗ ಆಗಲ್ಲ ಅಂದರು. 1949ರಲ್ಲಿ "ಫೈರ್‌ಬರ್ಡ್" ಕುಣಿದು, ಆ ಹೆಸರಲ್ಲೇ ಅಮೆರಿಕದ ಮೊದಲ ಸಾಲಿನ ತಾರೆಯಾದರು.

ಎರಡನೇ ಮಹಾಯುದ್ಧ ಬಂದಾಗ ಎಲ್ಲ ನಿಂತುಹೋಯ್ತಾ?

ನಿಲ್ಲಲಿಲ್ಲ. ವಿಚಿತ್ರ ಅಂದ್ರೆ ಜನ ಮೊದಲಿಗಿಂತ ಹೆಚ್ಚಾಗಿ ಬಂದರು.

1940ರ ಮೇ ತಿಂಗಳು. ಡ ವಾಲ್ವಾ ಅವರ ಸ್ಯಾಡ್ಲರ್ಸ್ ವೆಲ್ಸ್ ತಂಡ ಹಾಲೆಂಡ್ ಪ್ರವಾಸದಲ್ಲಿತ್ತು. ಅಷ್ಟರಲ್ಲಿ ಜರ್ಮನ್ ಸೈನ್ಯ ನುಗ್ಗಿತು. ಹುಡುಗ ಹುಡುಗಿಯರು ಉಟ್ಟ ಬಟ್ಟೆಯಲ್ಲಿ ಹೊರಟು, ಸರಕು ಹಡಗೊಂದರಲ್ಲಿ ಇಂಗ್ಲೆಂಡ್ ಸೇರಿದರು. ರಂಗಸಜ್ಜು, ಉಡುಪು, ಸಂಗೀತದ ಹಸ್ತಪ್ರತಿ ಎಲ್ಲ ಅಲ್ಲೇ ಉಳಿಯಿತು. ಕಾನ್‌ಸ್ಟಂಟ್ ಲ್ಯಾಂಬರ್ಟ್ ಬರೆದ "ಹೊರೊಸ್ಕೋಪ್" ಬ್ಯಾಲೆಯ ಪೂರ್ತಿ ಸಂಗೀತ ಹಾಗೆ ಕಳೆದುಹೋಯಿತು, ಮುಂಚೆಯೇ ಬೇರೆ ಮಾಡಿಟ್ಟಿದ್ದ ಭಾಗಗಳಷ್ಟೇ ಉಳಿದವು. ಊರಿಗೆ ಬಂದ ಮೇಲೆ ವಾದ್ಯವೃಂದಕ್ಕೆ ಜನ ಇಲ್ಲ. ಎರಡು ಪಿಯಾನೊ ಇಟ್ಟು, ಒಂದನ್ನು ಸ್ವತಃ ಲ್ಯಾಂಬರ್ಟ್ ನುಡಿಸುತ್ತಾ ಆಟ ನಡೆಸಿದರು. ಗಂಡು ನರ್ತಕರನ್ನು ಸೈನ್ಯ ಒಬ್ಬೊಬ್ಬರಾಗಿ ಕರೆಸಿಕೊಂಡಿತು.

ಸೋವಿಯತ್ ಕಡೆ ಕಥೆ ಇನ್ನೂ ಗಂಭೀರ. ಲೆನಿನ್‌ಗ್ರಾಡ್‌ನ ಕಿರೋವ್ ತಂಡವನ್ನೂ ಅದರ ಶಾಲೆಯನ್ನೂ ಪೆರ್ಮ್‌ಗೆ ಸಾಗಿಸಿದರು. ಆ ಊರನ್ನು ಆಗ ಮೊಲೊಟೊವ್ ಅಂತ ಕರೆಯುತ್ತಿದ್ದರು. ಮಾಸ್ಕೊದ ಬೊಲ್ಷೊಯ್ ತಂಡ ಕುಯ್ಬಿಶೆವ್‌ಗೆ ಹೋಯಿತು. ಪೆರ್ಮ್ ಇವತ್ತಿಗೂ ಬ್ಯಾಲೆಗೆ ಹೆಸರಾಗಿದ್ದರೆ ಅದಕ್ಕೆ ಈ ವಲಸೆಯೇ ಮೂಲ.

ಇನ್ನು ಲಂಡನ್ನಿನ ಕೋವೆಂಟ್ ಗಾರ್ಡನ್ ಒಪೆರಾ ಹೌಸ್. ಯುದ್ಧದುದ್ದಕ್ಕೂ ಅದು ಸೈನಿಕರು ಜೋಡಿ ಹಿಡಿದು ಕುಣಿಯುವ ಡಾನ್ಸ್ ಹಾಲ್ ಆಗಿತ್ತು. 1946ರ ಫೆಬ್ರವರಿ 20ರಂದು "ಸ್ಲೀಪಿಂಗ್ ಬ್ಯೂಟಿ"ಯಿಂದ ಅದರ ಬಾಗಿಲು ಮತ್ತೆ ತೆರೆಯಿತು. ರಾಜ, ರಾಣಿ, ರಾಜಕುಮಾರಿಯರೆಲ್ಲ ಬಂದಿದ್ದರು. ಆದರೆ ವೇದಿಕೆ ಮೇಲಿನ ಅರಮನೆಗೆ ಬಟ್ಟೆ ಎಲ್ಲಿಂದ ತರೋದು? ಬಟ್ಟೆಗೆ ರೇಷನ್ ಇತ್ತು, ಕೂಪನ್ ಇಲ್ಲದೆ ಒಂದು ಗಜ ಸಿಗುತ್ತಿರಲಿಲ್ಲ. ವಿನ್ಯಾಸಕಾರ ಆಲಿವರ್ ಮೆಸೆಲ್ ಸಿಕ್ಕಸಿಕ್ಕ ತುಂಡುಗಳನ್ನು ಹೊಂದಿಸಿ ರಾಜವೈಭವ ಹುಟ್ಟಿಸಿದರು. ಗಂಡು ನರ್ತಕರ ಕೊರತೆಯಲ್ಲಿ ರಾಬರ್ಟ್ ಹೆಲ್ಪ್‌ಮನ್ ಒಂದೇ ರಾತ್ರಿ ಶಾಪ ಕೊಡುವ ಕೆಟ್ಟ ಕಿನ್ನರಿಯೂ ಆದರು, ಶಾಪ ಬಿಡಿಸುವ ರಾಜಕುಮಾರನೂ ಆದರು. ನೂರು ವರ್ಷ ನಿದ್ದೆ ಮಾಡಿದ ಅರಮನೆ ಎಚ್ಚರಗೊಳ್ಳುವ ಕಥೆಯನ್ನು ಆ ಹೊತ್ತಿನಲ್ಲಿ ಯಾಕೆ ಆರಿಸಿಕೊಂಡರು ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ?

ಬೆರಳ ತುದಿ ಮೇಲೆ ನಿಲ್ಲುವ ಶೂ ಒಳಗೆ ಮರದ ತುಂಡು ಇರುತ್ತಂತೆ, ಹೌದಾ?

ಇಲ್ಲ. ಮರವೂ ಇಲ್ಲ, ಕಬ್ಬಿಣವೂ ಇಲ್ಲ. ಗೋಣಿಯಂಥ ಒರಟು ಬಟ್ಟೆ, ಕಾಗದ, ಕ್ಯಾನ್ವಾಸ್ ಪದರಗಳಿಗೆ ಅಂಟು ಹಚ್ಚಿ, ಬೆರಳುಗಳ ಸುತ್ತ ಡಬ್ಬಿಯ ಆಕಾರಕ್ಕೆ ತಂದು ಒಣಗಿಸುತ್ತಾರೆ. ಮೇಲೆ ಸ್ಯಾಟಿನ್. ಕೆಳಗೆ ಗಟ್ಟಿಯಾದ ಚಿಕ್ಕ ಅಟ್ಟೆ. ಎಡಗಾಲು ಬಲಗಾಲು ಅಂತ ಭೇದವಿಲ್ಲ, ಎರಡೂ ಒಂದೇ ಅಚ್ಚು.

ಅಂಗಡಿಯಿಂದ ತಂದದ್ದನ್ನು ಹಾಗೇ ಹಾಕಿಕೊಂಡು ಕುಣಿಯಲು ಆಗುವುದಿಲ್ಲ. ನರ್ತಕಿ ಕೂತು ರಿಬ್ಬನ್ ಹೊಲಿಯಬೇಕು. ಅಟ್ಟೆಯನ್ನು ಬಗ್ಗಿಸಿ ತನ್ನ ಪಾದದ ಕಮಾನಿಗೆ ಹೊಂದಿಸಬೇಕು. ಶಬ್ದ ಬರದಿರಲಿ ಅಂತ ತುದಿಯನ್ನು ಗೋಡೆಗೋ ಮೆಟ್ಟಿಲಿಗೋ ಬಡಿಯಬೇಕು, ಬಾಗಿಲ ಸಂದಿಗೆ ಸಿಕ್ಕಿಸಿ ಒತ್ತಿ ಮೆದು ಮಾಡುವವರೂ ಇದ್ದಾರೆ. ತುದಿಯ ಸ್ಯಾಟಿನ್ ಜಾರುತ್ತದೆ ಅಂತ ಅಲ್ಲಿ ದಪ್ಪ ದಾರದಲ್ಲಿ ರಫು ಹಾಕುತ್ತಾರೆ. ವೇದಿಕೆಗೆ ಹೋಗುವ ಮುಂಚೆ ರಾಳದ ಪುಡಿಯ ಪೆಟ್ಟಿಗೆಯಲ್ಲಿ ಕಾಲು ಉಜ್ಜಿಕೊಳ್ಳುತ್ತಾರೆ. ಬೆವರಿಗೆ ಅಂಟು ಕರಗಿ ಡಬ್ಬಿ ಮೆತ್ತಗಾಗುತ್ತದೆ. ದೊಡ್ಡ ಪಾತ್ರವಾದರೆ ಒಂದು ಜೋಡಿ ಒಂದು ರಾತ್ರಿ ಬಾಳಿದರೆ ಹೆಚ್ಚು. ಲಂಡನ್ನಿನ ಫ್ರೀಡ್ ಅಂಗಡಿಯಲ್ಲಿ ಒಬ್ಬೊಬ್ಬ ಕುಶಲಕರ್ಮಿಗೂ ಒಂದು ಗುರುತು ಇರುತ್ತಿತ್ತು, ಅದನ್ನು ಅಟ್ಟೆ ಮೇಲೆ ಒತ್ತುತ್ತಿದ್ದರು. ನರ್ತಕಿಯರು ತಮಗೆ ಹೊಂದುವ ಗುರುತನ್ನೇ ಕೇಳಿ ಪಡೆಯುತ್ತಿದ್ದರು.

ಮಾರ್ಗೊ ಫಾಂಟೇನ್ ಬಗ್ಗೆ ಅಷ್ಟೊಂದು ಯಾಕೆ ಹೇಳ್ತಾರೆ?

ತಾಂತ್ರಿಕವಾಗಿ ಅವರಿಗಿಂತ ಚುರುಕಾದವರು ಆಗಲೂ ಇದ್ದರು. ತುಂಬಾ ಎತ್ತರ ಹಾರುತ್ತಿರಲಿಲ್ಲ, ಕಾಲನ್ನು ಕಿವಿಗೆ ತಾಗಿಸುತ್ತಿರಲಿಲ್ಲ. ಅವರಲ್ಲಿದ್ದದ್ದು ಅಳತೆ. ತಲೆ, ಕೈ, ಬೆನ್ನು ಯಾವುದೂ ಒಂದಕ್ಕಿಂತ ಒಂದು ಜೋರಾಗಿ ಮಾತಾಡುತ್ತಿರಲಿಲ್ಲ. ಜೊತೆಗೆ ಸಂಗೀತದ ಕಿವಿ.

ಬಾಲ್ಯದ ಒಂದಷ್ಟು ಕಾಲ ಶಾಂಘೈನಲ್ಲಿ ಕಳೆದವರು, ಅಲ್ಲಿ ಕಲಿಸಿದ್ದು ದೇಶ ಬಿಟ್ಟು ಬಂದ ರಷ್ಯನ್ ಗುರು. ಹದಿಹರೆಯದಲ್ಲೇ ಡ ವಾಲ್ವಾ ಕಣ್ಣಿಗೆ ಬಿದ್ದರು. 1946ರಲ್ಲಿ ತಂಡದ ನೃತ್ಯ ಸಂಯೋಜಕ ಫ್ರೆಡರಿಕ್ ಆಷ್ಟನ್ ಮಾಡಿದ "ಸಿಂಫೊನಿಕ್ ವೇರಿಯೇಷನ್ಸ್" ನೋಡಿ: ಆರೇ ಜನ, ಕಥೆ ಇಲ್ಲ, ಯುದ್ಧದ ಗದ್ದಲ ಕೇಳಿ ಕೇಳಿ ಸಾಕಾದವರಿಗೆ ಕೊಟ್ಟ ಒಂದು ಲೋಟ ತಣ್ಣೀರಿನಂತಿದೆ.

1949ರ ಅಕ್ಟೋಬರ್ 9ರಂದು ಇಡೀ ತಂಡ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದಲ್ಲಿ "ಸ್ಲೀಪಿಂಗ್ ಬ್ಯೂಟಿ" ಆಡಿತು. ಅದರ ಮೊದಲ ಅಂಕದಲ್ಲಿ ರೋಸ್ ಅಡಾಜಿಯೊ ಅನ್ನೋ ಭಾಗ ಬರುತ್ತದೆ. ರಾಜಕುಮಾರಿ ಅರೋರಾ ಒಂದೇ ಕಾಲಿನ ಬೆರಳ ತುದಿ ಮೇಲೆ ನಿಂತು, ಇನ್ನೊಂದು ಕಾಲನ್ನು ಹಿಂದೆ ಎತ್ತಿರುತ್ತಾಳೆ. ನಾಲ್ವರು ವರರು ಒಬ್ಬರಾದ ಮೇಲೊಬ್ಬರು ಬಂದು ಕೈ ಕೊಡಬೇಕು. ಒಬ್ಬನ ಕೈ ಬಿಟ್ಟು ಇನ್ನೊಬ್ಬನ ಕೈ ಹಿಡಿಯುವ ನಡುವೆ ಎರಡೂ ಕೈ ತಲೆ ಮೇಲೆ ಎತ್ತಿ ಅಲ್ಲಾಡದೆ ನಿಲ್ಲಬೇಕು. ಮುಖದಲ್ಲಿ ನಗು, ಹಿಮ್ಮಡಿಯಲ್ಲಿ ನಡುಕ. ಅವತ್ತು ಫಾಂಟೇನ್ ನಿಂತರು. ಮುಂದಿನ ತಿಂಗಳು "ಟೈಮ್", "ನ್ಯೂಸ್‌ವೀಕ್" ಎರಡರ ಮುಖಪುಟದಲ್ಲೂ ಅವರದೇ ಚಿತ್ರ. ಬ್ರಿಟನ್ನಿಗೂ ಬ್ಯಾಲೆ ಇದೆ ಅಂತ ಹೊರಜಗತ್ತು ಒಪ್ಪಿಕೊಂಡದ್ದು ಅಂದೇ.

ಬ್ಯಾಲಂಚೀನ್ ಬ್ಯಾಲೆಗಳಲ್ಲಿ ಕಥೆಯೇ ಇಲ್ಲವಲ್ಲ, ಏನು ನೋಡೋದು?

ಸಂಗೀತವನ್ನು ನೋಡೋದು. ಸುಮ್ನೆ ಹೇಳ್ತಿಲ್ಲ, ಅವರ ಕೆಲಸದ ಗುಟ್ಟೇ ಅದು. ಬ್ಯಾಲಂಚೀನ್ 1904ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಹುಟ್ಟಿದ ಜಾರ್ಜಿಯನ್, ತಂದೆ ಸಂಗೀತಗಾರ. ಅಮೆರಿಕಕ್ಕೆ ಕರೆಸಿಕೊಂಡದ್ದು ಲಿಂಕನ್ ಕರ್ಸ್‌ಟೀನ್ ಅನ್ನೋ ಶ್ರೀಮಂತ ಯುವಕ. ಮೊದಲು ಶಾಲೆ, ಆಮೇಲೆ ತಂಡ ಅನ್ನೋದು ಬ್ಯಾಲಂಚೀನ್ ಹಾಕಿದ ಶರತ್ತು. 1934ರ ಜನವರಿಯಲ್ಲಿ ಶಾಲೆ ತೆರೆಯಿತು.

ಅಲ್ಲಿನ ಹುಡುಗಿಯರಿಗೆ ಚೈಕೊವ್‌ಸ್ಕಿ ಸಂಗೀತಕ್ಕೆ "ಸೆರೆನೇಡ್" ಕಟ್ಟಿದರು. ಮೊದಲ ದಿನ ಹದಿನೇಳು ಜನ ಬಂದಿದ್ದರು, ಹದಿನೇಳಕ್ಕೇ ಹೆಜ್ಜೆ ಹಾಕಿದರು. ಇನ್ನೊಂದು ದಿನ ಕಡಿಮೆ ಜನ ಬಂದರು, ಅಷ್ಟೇ ಜನರಿಗೆ ಮುಂದಿನ ಭಾಗ. ಒಬ್ಬಳು ತಡವಾಗಿ ಓಡಿಬಂದಳು, ಅದೂ ಒಳಗೆ ಸೇರಿತು. ಒಬ್ಬಳು ಬಿದ್ದಳು, ಬಿದ್ದದ್ದೂ ಸೇರಿತು. ಪರದೆ ಎದ್ದಾಗ ಹದಿನೇಳು ಹುಡುಗಿಯರು ನೀಲಿ ಬೆಳಕಿನಲ್ಲಿ ಒಂದು ಕೈ ಮುಂದೆ ಚಾಚಿ, ಬೆಳದಿಂಗಳು ಕಣ್ಣಿಗೆ ಹೊಡೆಯದಿರಲಿ ಅಂತ ತಡೆದವರ ಹಾಗೆ ನಿಂತಿರುತ್ತಾರೆ. ಹಾಜರಿ ಪುಸ್ತಕದಿಂದ ಇಷ್ಟು ಚೆಂದದ್ದು ಹುಟ್ಟಿದ್ದು ಬೇರೆಲ್ಲೂ ಇರಲಾರದು.

1957ರ "ಅಗಾನ್" ಅವರ ಇನ್ನೊಂದು ತುದಿ. ಸ್ಟ್ರಾವಿನ್‌ಸ್ಕಿ ಸಂಗೀತ. ರಂಗಸಜ್ಜು ಇಲ್ಲ, ಮಿನುಗು ಇಲ್ಲ. ತಾಲೀಮಿನ ಕಪ್ಪು ಬಿಳಿ ಬಟ್ಟೆಯಲ್ಲೇ ಕುಣಿತ. ಮೊದಲ ಸಲ ನೋಡಿದಾಗ ಒಣಗಿದ ಲೆಕ್ಕದ ಹಾಗೆ ಕಂಡರೆ ಬೇಜಾರಾಗಬೇಡಿ, ಎರಡನೇ ಸಲ ನೋಡಿ.

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದು ಮಾತೂ ಹೇಳಬೇಕು. ಸಣ್ಣ ತಲೆ, ಉದ್ದ ಕಾಲು, ಕಡ್ಡಿ ಮೈ ಅನ್ನೋ ಅವರ ರುಚಿ ಎಷ್ಟೋ ಹುಡುಗಿಯರ ಹೊಟ್ಟೆಗೆ ಹೊಡೆಯಿತು. ಮೆಚ್ಚಿದ ನರ್ತಕಿಯರನ್ನು ಒಬ್ಬರಾದ ಮೇಲೊಬ್ಬರನ್ನು ಮದುವೆಯಾದರು. ಸುಝಾನ್ ಫ್ಯಾರೆಲ್ 1969ರಲ್ಲಿ ತಂಡದ ಬೇರೊಬ್ಬ ನರ್ತಕನನ್ನು ಮದುವೆಯಾದಾಗ ಆ ಜೋಡಿ ತಂಡದಿಂದಲೇ ಹೊರಗೆ ಹೋಗಬೇಕಾಯಿತು. ಕಲೆ ದೊಡ್ಡದು ಅಂತ ಇದನ್ನೆಲ್ಲ ಪಕ್ಕಕ್ಕೆ ಸರಿಸಲು ನನಗೆ ಮನಸ್ಸಿಲ್ಲ.

ಆನೆಗಳಿಗೂ ಬ್ಯಾಲೆ ಮಾಡಿಸಿದ್ದರು ಅನ್ನೋದು ನಿಜವಾ?

ನಿಜ. 1942ರಲ್ಲಿ ರಿಂಗ್ಲಿಂಗ್ ಸರ್ಕಸ್ಸಿಗಾಗಿ. ಐವತ್ತು ಆನೆ, ಐವತ್ತು ಹುಡುಗಿಯರು. ಬ್ಯಾಲಂಚೀನ್ ಫೋನ್ ಮಾಡಿ ಸಂಗೀತ ಬರೆದುಕೊಡಿ ಅಂದಾಗ ಸ್ಟ್ರಾವಿನ್‌ಸ್ಕಿ ಆನೆಗಳ ವಯಸ್ಸೆಷ್ಟು ಅಂತ ಕೇಳಿದರಂತೆ. ಎಳೆಯವು ಅಂದ ಮೇಲೆ ಒಪ್ಪಿದರಂತೆ. "ಸರ್ಕಸ್ ಪೋಲ್ಕಾ" ಅಂತ ಆ ಸಂಗೀತ ಈಗಲೂ ಕೇಳಸಿಗುತ್ತದೆ.

ತನಕೀಲ್ ಲ ಕ್ಲರ್ಕ್ ಕಥೆ ಏನು?

ಬ್ಯಾಲಂಚೀನ್ ಅವರ ಹೆಂಡತಿ, ನ್ಯೂಯಾರ್ಕ್ ತಂಡದ ತಾರೆ. ಹರೆಯದ ಹುಡುಗಿಯಾಗಿದ್ದಾಗ ಪೋಲಿಯೊ ನಿಧಿ ಸಂಗ್ರಹಕ್ಕಾಗಿ ಬ್ಯಾಲಂಚೀನ್ ಮಾಡಿದ ಒಂದು ಚಿಕ್ಕ ಬ್ಯಾಲೆಯಲ್ಲಿ ಕುಣಿದಿದ್ದರು. ಕಪ್ಪು ನಿಲುವಂಗಿ ಹಾಕಿ ಪೋಲಿಯೊ ಆಗಿ ಬಂದದ್ದು ಸ್ವತಃ ಬ್ಯಾಲಂಚೀನ್, ಅವರು ಮುಟ್ಟಿದಾಗ ಕಾಲು ಸೋತು ಬೀಳುವ ಪಾತ್ರ ತನಕೀಲ್ ಅವರದು. 1956ರ ಅಕ್ಟೋಬರಿನಲ್ಲಿ ಯುರೋಪ್ ಪ್ರವಾಸದ ನಡುವೆ ಕೋಪನ್‌ಹೇಗನ್‌ನಲ್ಲಿ ಅವರಿಗೆ ನಿಜವಾಗಿ ಪೋಲಿಯೊ ತಗುಲಿತು. ವಯಸ್ಸು 27. ಮತ್ತೆ ನಡೆಯಲಿಲ್ಲ. ಮುಂದೆ ನ್ಯೂಯಾರ್ಕಿನ ಹಾರ್ಲೆಮ್‌ನ ಶಾಲೆಯಲ್ಲಿ ಗಾಲಿಕುರ್ಚಿಯಲ್ಲಿ ಕೂತು, ಬರೀ ಕೈಯಲ್ಲೇ ಹೆಜ್ಜೆ ತೋರಿಸಿ ಪಾಠ ಹೇಳಿದರು.

ಬೊಲ್ಷೊಯ್ ತಂಡ ಲಂಡನ್ನಿಗೆ ಬಂದದ್ದು ಯಾಕೆ ಅಷ್ಟು ದೊಡ್ಡ ಸುದ್ದಿ?

ಸೋವಿಯತ್ ಬ್ಯಾಲೆ ಹೇಗಿದೆ ಅಂತ ಪಶ್ಚಿಮದವರಿಗೆ ಹೆಚ್ಚೇನೂ ಗೊತ್ತಿರಲಿಲ್ಲ. 1956ರ ಅಕ್ಟೋಬರಿನಲ್ಲಿ ಇಡೀ ತಂಡ ಬರುವುದಾಗಿ ತೀರ್ಮಾನವಾಯಿತು. ಆದರೆ ಆಗಸ್ಟಿನಲ್ಲಿ ಸೋವಿಯತ್ ಡಿಸ್ಕಸ್ ಎಸೆತಗಾರ್ತಿಯೊಬ್ಬರ ಮೇಲೆ ಲಂಡನ್ ಅಂಗಡಿಯಲ್ಲಿ ಐದು ಟೋಪಿ ಕದ್ದ ಆರೋಪ ಬಂತು. ಮಾಸ್ಕೊ ಸಿಟ್ಟಾಯಿತು. ಬ್ಯಾಲೆ ಪ್ರವಾಸ ಟೋಪಿ ಜಗಳದಲ್ಲಿ ಮುರಿದುಬೀಳುವ ಹಾಗಿತ್ತು! ಹೇಗೋ ಬಂದರು.

ಮೊದಲ ರಾತ್ರಿ ಪ್ರೊಕೋಫಿಯೆವ್ ಅವರ "ರೋಮಿಯೊ ಅಂಡ್ ಜೂಲಿಯಟ್". ಜೂಲಿಯಟ್ ಆಗಿ ಗಲೀನಾ ಉಲನೋವಾ, ವಯಸ್ಸು 46. ತಾಲೀಮಿನಲ್ಲಿ ಉಣ್ಣೆಯ ಕಾಲುಚೀಲ ಹಾಕಿಕೊಂಡು ಬಂದ ನಡುವಯಸ್ಸಿನ ಹೆಂಗಸು, ನೋಡನೋಡುತ್ತ ಹದಿನಾಲ್ಕರ ಹುಡುಗಿಯಾದಳು ಅಂತ ಅಲ್ಲಿದ್ದವರು ಬೆರಗಾದರು. ಮೇಲ್ಹೊದಿಕೆ ಹಾರಿಸಿಕೊಂಡು ವೇದಿಕೆಯ ಆಚೆಯಿಂದ ಈಚೆಗೆ ಜೂಲಿಯಟ್ ಓಡುವ ಓಟ ಇದೆ. ಬರೀ ಓಟ, ಹೆಜ್ಜೆ ಅಂತ ಏನೂ ಇಲ್ಲ. ಅದರ ಚಿತ್ರೀಕರಣ ಇವತ್ತಿಗೂ ಸಿಗುತ್ತದೆ, ದಯವಿಟ್ಟು ನೋಡಿ.

ಈ ಬ್ಯಾಲೆಯ ಹಿಂದಿನ ಕಥೆಯೂ ತಮಾಷೆಯದು. ಸತ್ತವರು ಕುಣಿಯಲು ಆಗುವುದಿಲ್ಲ ಅಂತ ಪ್ರೊಕೋಫಿಯೆವ್ ಮೊದಲು ಪ್ರೇಮಿಗಳನ್ನು ಬದುಕಿಸಿಬಿಟ್ಟಿದ್ದರು. 1940ರಲ್ಲಿ ಕಿರೋವ್‌ನಲ್ಲಿ ತಾಲೀಮು ನಡೆದಾಗ ನರ್ತಕರು ಈ ಸಂಗೀತಕ್ಕೆ ಕುಣಿಯಲಾಗದು, ವೇದಿಕೆಗೆ ಕೇಳಿಸುವುದೇ ಇಲ್ಲ ಅಂತ ಪಟ್ಟು ಹಿಡಿದರು. ಕಡೆಗೆ ಪ್ರೊಕೋಫಿಯೆವ್ ವೇದಿಕೆ ಮೇಲೆ ಹೋಗಿ ಕೂತು ಕೇಳಿ, ಗೊಣಗುತ್ತಲೇ ವಾದ್ಯ ಹೆಚ್ಚಿಸಿಕೊಟ್ಟರು.

ಮಾಯಾ ಪ್ಲಿಸೆಟ್‌ಸ್ಕಾಯಾ ಬೊಲ್ಷೊಯ್‌ನ ದೊಡ್ಡ ತಾರೆ, ಆದರೆ ಆ ಪ್ರವಾಸದಲ್ಲಿ ಇರಲಿಲ್ಲ. ತಂದೆಯನ್ನು ಸ್ಟಾಲಿನ್ ಕಾಲದಲ್ಲಿ ಗುಂಡಿಟ್ಟು ಕೊಂದಿದ್ದರು, ತಾಯಿ ಕೈದಿಗಳ ಶಿಬಿರದಲ್ಲಿದ್ದು ಬಂದವರು. ಇಂಥವರನ್ನು ಹೊರದೇಶಕ್ಕೆ ಬಿಡಲು ಅಧಿಕಾರಿಗಳಿಗೆ ಭಯ. 1959ರ ಅಮೆರಿಕ ಪ್ರವಾಸಕ್ಕೆ ಬಿಟ್ಟರು.

ಇದಕ್ಕೆ ಪ್ರತಿಯಾಗಿ ಡ ವಾಲ್ವಾ ಅವರ ಲಂಡನ್ ತಂಡ ಮಾಸ್ಕೊಗೆ ಹೋಗಬೇಕಿತ್ತು. ನವೆಂಬರಿನಲ್ಲಿ ಸೋವಿಯತ್ ಟ್ಯಾಂಕುಗಳು ಹಂಗೇರಿಗೆ ನುಗ್ಗಿದ ಮೇಲೆ ಅದು ರದ್ದಾಯಿತು.

ನುರಿಯೆವ್ ವಿಮಾನ ನಿಲ್ದಾಣದಲ್ಲಿ ಬೇಲಿ ಹಾರಿದರಂತೆ?

ಸಿನಿಮಾದಲ್ಲಿ ಹಾರಿಸಬಹುದು. ನಡೆದದ್ದು ಬೇರೆ.

ರುಡಾಲ್ಫ್ ನುರಿಯೆವ್ ಹುಟ್ಟಿದ್ದು 1938ರಲ್ಲಿ, ಸೈಬೀರಿಯಾ ದಾಟುತ್ತಿದ್ದ ರೈಲಿನಲ್ಲಿ. ಉಫಾ ಊರಿನ ಬಡ ತಾತಾರ್ ಮನೆಯ ಹುಡುಗ. ಲೆನಿನ್‌ಗ್ರಾಡ್ ಶಾಲೆ ಸೇರಿದಾಗ 17, ಬ್ಯಾಲೆಗೆ ಅದು ಬಹಳ ತಡ. 1961ರಲ್ಲಿ ಕಿರೋವ್ ತಂಡ ಪ್ಯಾರಿಸ್ಸಿಗೆ ಹೋದಾಗ ಊರನ್ನೇ ಗೆದ್ದರು. ರಾತ್ರಿ ಪರದೇಶಿ ಗೆಳೆಯರ ಜೊತೆ ಸುತ್ತಿದ್ದು ಕಾವಲಿಗಿದ್ದ ಸೋವಿಯತ್ ಗೂಢಚಾರ ಸಂಸ್ಥೆ ಕೆಜಿಬಿಯವರಿಗೆ ಹಿಡಿಸಲಿಲ್ಲ.

ಜೂನ್ 16, ಲ ಬೂರ್ಜೆ ವಿಮಾನ ನಿಲ್ದಾಣ. ತಂಡ ಲಂಡನ್ನಿಗೆ ಹೊರಟಿದೆ. ನುರಿಯೆವ್ ಒಬ್ಬರಿಗೆ ಮಾತ್ರ, ನೀವು ಮಾಸ್ಕೊಗೆ ಹೋಗಬೇಕು, ಕ್ರೆಮ್ಲಿನ್‌ನಲ್ಲಿ ಕುಣಿಯಬೇಕು ಅಂದರು. ಅದರರ್ಥ ಅವರಿಗೆ ಗೊತ್ತಾಯಿತು: ಇನ್ನೆಂದೂ ಹೊರಗೆ ಬಿಡುವುದಿಲ್ಲ. ಸುದ್ದಿ ತಿಳಿದು ಓಡಿಬಂದ ಗೆಳತಿ ಕ್ಲಾರಾ ಸ್ಯಾಂ ಅಲ್ಲಿನ ಪೊಲೀಸರನ್ನು ಕೇಳಿದರು. ಅವರು ಹೇಳಿದ್ದಿಷ್ಟು: ನಾವು ಹೋಗಿ ಕರೆಯುವಂತಿಲ್ಲ, ಅವನೇ ನಮ್ಮ ಹತ್ತಿರ ಬರಬೇಕು. ಇಬ್ಬರು ಪೊಲೀಸರು ಬಂದು ನಿಂತರು. ಕ್ಲಾರಾ ವಿದಾಯದ ಮುತ್ತು ಕೊಡುವ ನೆಪದಲ್ಲಿ ಕಿವಿಯಲ್ಲಿ ಉಸುರಿದರು. ನುರಿಯೆವ್ ಕೆಲವೇ ಹೆಜ್ಜೆ ದಾಟಿ ಪೊಲೀಸರ ಹತ್ತಿರ ಬಂದು, ಇಲ್ಲೇ ಇರಬೇಕು ಅಂದರು. ಆಮೇಲೆ ಎಳೆದಾಟ ನಡೆಯಿತು ಅನ್ನೋದು ಸರಿ, ಹಾರಾಟ ಇರಲಿಲ್ಲ. ವಾರದೊಳಗೆ ಪ್ಯಾರಿಸ್ಸಿನಲ್ಲೇ ಬೇರೊಂದು ತಂಡದೊಂದಿಗೆ ವೇದಿಕೆ ಹತ್ತಿದರು.

ತಾಯಿಯನ್ನು ಮತ್ತೆ ನೋಡಲು ಊರಿಗೆ ಹೋಗಲು ಬಿಟ್ಟದ್ದು 1987ರಲ್ಲಿ, ಅದೂ ಎರಡು ದಿನಕ್ಕೆ.

ಫಾಂಟೇನ್ ನುರಿಯೆವ್ ಜೋಡಿ ಪ್ರೇಮಿಗಳಾಗಿದ್ದರಾ?

ಅದು ಅವರಿಬ್ಬರಿಗೇ ಗೊತ್ತು. ವೇದಿಕೆ ಮೇಲೆ ಏನಾಯಿತು ಅನ್ನೋದು ನಮಗೆ ಸಾಕು. 1962ರ ಫೆಬ್ರವರಿ 21ರಂದು "ಜಿಸೆಲ್"ನಲ್ಲಿ ಮೊದಲ ಬಾರಿ ಒಟ್ಟಿಗೆ ಕುಣಿದಾಗ ಫಾಂಟೇನ್‌ಗೆ 42, ನುರಿಯೆವ್‌ಗೆ 23. ಫಾಂಟೇನ್ ನಿವೃತ್ತಿಯ ಯೋಚನೆಯಲ್ಲಿದ್ದವರು ಮತ್ತೆ ಹದಿನೈದು ವರ್ಷಕ್ಕೂ ಹೆಚ್ಚು ಕುಣಿದರು. 1964ರಲ್ಲಿ ಅವರ ಗಂಡ, ಪನಾಮಾದ ರಾಜಕಾರಣಿ ರೊಬೆರ್ಟೊ ಆರಿಯಾಸ್‌ಗೆ ಗುಂಡೇಟು ಬಿದ್ದು ಕೈಕಾಲು ಸ್ವಾಧೀನ ತಪ್ಪಿತು. ಆಸ್ಪತ್ರೆ ಖರ್ಚಿಗೆ ದುಡಿಯಲೇಬೇಕಿತ್ತು. ಕಲೆಗಾಗಿ ಕುಣಿದರು ಅನ್ನೋದರ ಜೊತೆಗೆ ಇದನ್ನೂ ನೆನಪಿಡಬೇಕು.

ಕರಿಯರಿಗೆ ಆಗಿನ ಬ್ಯಾಲೆಯಲ್ಲಿ ಜಾಗ ಇತ್ತಾ?

ಬಹಳ ಕಡಿಮೆ, ಅದೂ ನೋವಿನ ಜಾಗ. ಆರ್ಥರ್ ಮಿಚೆಲ್ 1955ರಲ್ಲಿ ನ್ಯೂಯಾರ್ಕ್ ಸಿಟಿ ಬ್ಯಾಲೆ ಸೇರಿದರು. "ಅಗಾನ್"ನ ಜೋಡಿ ನೃತ್ಯವನ್ನು ಬ್ಯಾಲಂಚೀನ್ ಮಾಡಿದ್ದು ಮಿಚೆಲ್ ಮತ್ತು ಬಿಳಿಯ ನರ್ತಕಿ ಡಯಾನಾ ಆಡಮ್ಸ್ ಅವರ ಮೇಲೆ. ಕಪ್ಪು ಗಂಡಸಿನ ಕೈಯಲ್ಲಿ ಬಿಳಿ ಹೆಂಗಸಿನ ಕಾಲು. 1957ರ ಅಮೆರಿಕದಲ್ಲಿ ಅದು ಸಣ್ಣ ವಿಷಯವಲ್ಲ, ಅಮೆರಿಕದ ಹಲವು ರಾಜ್ಯಗಳಲ್ಲಿ ಅಂಥ ಮದುವೆಯೇ ಅಪರಾಧವಾಗಿದ್ದ ಕಾಲ.

ಅದೇ 1955ರಲ್ಲಿ ಕರಿಯ ನರ್ತಕಿ ರೇವನ್ ವಿಲ್ಕಿನ್ಸನ್ ಮಾಂಟೆ ಕಾರ್ಲೊ ತಂಡ ಸೇರಿದರು. ತಿಳಿ ಬಣ್ಣ, ಮೇಲೆ ಮೇಕಪ್. ಆದರೆ ದಕ್ಷಿಣದ ರಾಜ್ಯಗಳ ಹೋಟೆಲ್‌ನಲ್ಲಿ ನೀವು ಕರಿಯರಾ ಅಂತ ಕೇಳಿದಾಗ ಸುಳ್ಳು ಹೇಳಲಿಲ್ಲ, ರೂಮು ಬಿಡಬೇಕಾಯಿತು. ಕು ಕ್ಲಕ್ಸ್ ಕ್ಲಾನ್ ಅನ್ನೋ ಬಿಳಿಯರ ಹಿಂಸಾಗುಂಪಿನ ಜನ ಎದುರಾದದ್ದೂ ಉಂಟು. ಕೊನೆಗೆ ಅಮೆರಿಕದಲ್ಲಿ ಅವಕಾಶ ಸಿಗದೆ ಹಾಲೆಂಡಿಗೆ ಹೋಗಿ ಕುಣಿದರು. 1969ರಲ್ಲಿ ಮಿಚೆಲ್ ಹಾರ್ಲೆಮ್‌ನಲ್ಲಿ ಸ್ವಂತ ತಂಡ, ಶಾಲೆ ಕಟ್ಟಿದರು. ತನಕೀಲ್ ಪಾಠ ಹೇಳಿದ್ದು ಅಲ್ಲೇ.

ಕಣ್ಣು ಕಾಣದ ಬ್ಯಾಲೆ ನರ್ತಕಿ ಅಂದ್ರೆ ಯಾರು?

ಕ್ಯೂಬಾದ ಅಲೀಸಿಯಾ ಅಲೊನ್ಸೊ. ಇಪ್ಪತ್ತರ ಆಸುಪಾಸಿನಲ್ಲೇ ಕಣ್ಣಿನ ರೆಟಿನಾ ಕಿತ್ತುಬಂದು ಶಸ್ತ್ರಚಿಕಿತ್ಸೆಗಳಾದವು. ತಲೆ ಅಲ್ಲಾಡಿಸದೆ ತಿಂಗಳುಗಟ್ಟಲೆ ಮಲಗಿರಬೇಕಿತ್ತು. ಆ ಹಾಸಿಗೆ ಮೇಲೆ ಬೆರಳುಗಳನ್ನೇ ಕಾಲು ಮಾಡಿಕೊಂಡು ಇಡೀ "ಜಿಸೆಲ್" ಕಲಿತರು. 1943ರಲ್ಲಿ ನ್ಯೂಯಾರ್ಕಿನಲ್ಲಿ ಮಾರ್ಕೋವಾ ಕಾಯಿಲೆ ಬಿದ್ದಾಗ ಅದೇ ಪಾತ್ರ ಇವರ ಪಾಲಿಗೆ ಬಂತು. ವೇದಿಕೆಯಲ್ಲಿ ದಿಕ್ಕು ತಿಳಿಯಲು ದೀಪಗಳನ್ನು ಗುರುತಿಟ್ಟುಕೊಳ್ಳುತ್ತಿದ್ದರು, ಜೊತೆಗಾರ ಇರಬೇಕಾದ ಜಾಗದಲ್ಲಿ ಇರಲೇಬೇಕಿತ್ತು. ಆ ನಂತರವೂ ಹತ್ತಾರು ವರ್ಷ ಕುಣಿದರು.

ಭರತನಾಟ್ಯ ಕಲಿತವರಿಗೆ ಬ್ಯಾಲೆ ಅರ್ಥವಾಗುತ್ತಾ?

ಬೇಗ ಅರ್ಥವಾಗುತ್ತದೆ. ಅರಮಂಡಿಯಲ್ಲಿ ಕೂತವರಿಗೆ ಸೊಂಟದಿಂದ ಕಾಲು ಹೊರಕ್ಕೆ ತಿರುಗಿಸುವ ಕಷ್ಟ ಹೇಳಿಕೊಡಬೇಕಿಲ್ಲ. ಬ್ಯಾಲೆಯಲ್ಲಿ ಮಂಡಿ ಬಗ್ಗಿಸುವ ಪ್ಲಿಯೇ ನೋಡಿದ ತಕ್ಷಣ ಗುರುತು ಹತ್ತುತ್ತದೆ. ಆದರೆ ನಾವು ನೆಲವನ್ನು ತಟ್ಟುತ್ತೇವೆ, ಅವರು ನೆಲದಿಂದ ಬಿಡಿಸಿಕೊಳ್ಳುತ್ತಾರೆ. ಮುಖದ ಅಭಿನಯ, ಹಸ್ತಗಳು ನಮ್ಮಷ್ಟು ಅಲ್ಲಿಲ್ಲ. ಇನ್ನೊಂದು, ಫಾಂಟೇನ್ ಆಗಲಿ ಉಲನೋವಾ ಆಗಲಿ ಎಷ್ಟೇ ದೊಡ್ಡವರಾದರೂ ದಿನಾ ಬೆಳಿಗ್ಗೆ ಕಂಬಿ ಹಿಡಿದು ಮೊದಲ ಪಾಠದಿಂದಲೇ ಶುರು ಮಾಡುತ್ತಿದ್ದರು.

ನಮ್ಮ ಕಡೆಗೂ ಇದಕ್ಕೂ ಏನಾದರೂ ಸಂಬಂಧ ಉಂಟಾ?

ಉಂಟು. ರಷ್ಯನ್ ಬ್ಯಾಲೆ ತಾರೆ ಅನ್ನಾ ಪಾವ್ಲೋವಾ 1923ರಲ್ಲಿ ಉದಯ್ ಶಂಕರ್ ಜೊತೆ ಲಂಡನ್ನಿನಲ್ಲಿ ರಾಧಾ ಕೃಷ್ಣರ ನೃತ್ಯ ಮಾಡಿದರು. ರುಕ್ಮಿಣಿ ದೇವಿ ಅರುಂಡೇಲ್ ಪಾವ್ಲೋವಾ ತಂಡದ ಕ್ಲಿಯೊ ನೊರ್ಡಿ ಹತ್ತಿರ ಬ್ಯಾಲೆ ಕಲಿತರು. ನಿಮ್ಮ ನೆಲದ ನೃತ್ಯದ ಕಡೆ ನೋಡಿ ಎಂದು ಪಾವ್ಲೋವಾ ಹೇಳಿದ ಮಾತು ಮುಂದೆ ರುಕ್ಮಿಣಿ ದೇವಿ ಮದರಾಸಿನಲ್ಲಿ ಕಟ್ಟಿದ ಕಲಾಕ್ಷೇತ್ರದವರೆಗೂ ಹೋಯಿತು.

ನಮ್ಮವರು ಮರೆತೇಬಿಟ್ಟವರು ರಾಮ್ ಗೋಪಾಲ್. ಬೆಂಗಳೂರಿನಲ್ಲಿ ಹುಟ್ಟಿದವರು, ತಂದೆ ರಜಪೂತ, ತಾಯಿ ಬರ್ಮಾದವರು. ಕುಂಜು ಕುರುಪ್ ಹತ್ತಿರ ಕಥಕಳಿ, ಮೀನಾಕ್ಷಿಸುಂದರಂ ಪಿಳ್ಳೈ ಹತ್ತಿರ ಭರತನಾಟ್ಯ ಕಲಿತರು. 1939ರಲ್ಲಿ ಲಂಡನ್ನಿನಲ್ಲಿ ಕುಣಿದಾಗ ಅಲ್ಲಿನ ಬ್ಯಾಲೆ ಮಂದಿಯೇ ಬಂದು ನೋಡಿದರು. 1960ರಲ್ಲಿ ಮಾರ್ಕೋವಾ ಜೊತೆ ರಾಧಾ ಕೃಷ್ಣ ಜೋಡಿ ನೃತ್ಯ ಮಾಡಿದರು, ಲಂಡನ್ ಹುಡುಗಿ ರಾಧೆ, ಬೆಂಗಳೂರಿನವರು ಕೃಷ್ಣ. 2003ರಲ್ಲಿ ಇಂಗ್ಲೆಂಡಿನಲ್ಲೇ ತೀರಿಕೊಂಡರು. ಇವರ ಬಗ್ಗೆ ಕನ್ನಡದಲ್ಲಿ ಇನ್ನೂ ಜಾಸ್ತಿ ಬರೆಯಬೇಕು.

ಇನ್ನು "ಲಾ ಬಯಾದೇರ್" ಅನ್ನೋ ರಷ್ಯನ್ ಬ್ಯಾಲೆ ಇದೆ, 1877ರದ್ದು. ದೇವಸ್ಥಾನದ ನರ್ತಕಿ ನಿಕಿಯಾ, ಯೋಧ ಸೊಲೊರ್, ಹೂಬುಟ್ಟಿಯಲ್ಲಿ ಹಾವು. ಅದರ ಭಾರತ ನಮಗೆ ಗುರುತು ಸಿಗುವುದಿಲ್ಲ, ನಗು ಬಂದರೆ ನಕ್ಕುಬಿಡಿ. ಆದರೆ 1963ರಲ್ಲಿ ನುರಿಯೆವ್ ಲಂಡನ್ ತಂಡಕ್ಕೆ ಕಲಿಸಿದ ಅದರ ನೆರಳುಗಳ ದೃಶ್ಯ ಬಂದಾಗ ನಗು ನಿಲ್ಲುತ್ತದೆ. ಬಿಳಿ ಉಡುಪಿನ ಹುಡುಗಿಯರು ಇಳಿಜಾರಿನಲ್ಲಿ ಒಬ್ಬರ ಹಿಂದೆ ಒಬ್ಬರು, ಒಂದೇ ಹೆಜ್ಜೆಯನ್ನು ಮತ್ತೆ ಮತ್ತೆ ಹಾಕುತ್ತ ಇಳಿದು ವೇದಿಕೆ ತುಂಬುತ್ತಾರೆ.

ಸ್ವಾನ್ ಲೇಕ್ ಕೊನೆಯಲ್ಲಿ ರಾಜಕುಮಾರ, ಹಂಸವಾದ ಹುಡುಗಿ ಇಬ್ಬರೂ ಸಾಯ್ತಾರಾ, ಬದುಕ್ತಾರಾ? ಒಂದೊಂದು ವಿಡಿಯೊದಲ್ಲಿ ಒಂದೊಂದು ಥರ ಇದೆ.

ಯಾರು ಮಾಡಿಸಿದ್ದು ಅನ್ನೋದರ ಮೇಲೆ ಹೋಗುತ್ತದೆ. ಹಳೇ ಪೀಟರ್ಸ್‌ಬರ್ಗ್ ರೂಪದಲ್ಲಿ ಇಬ್ಬರೂ ಕೆರೆಗೆ ಹಾರುತ್ತಾರೆ, ಲಂಡನ್ನಿನವರು ಬಹುಕಾಲ ಅದನ್ನೇ ಇಟ್ಟುಕೊಂಡರು. ಸೋವಿಯತ್ ರಂಗಕ್ಕೆ ಸಾವಿನ ಮುಕ್ತಾಯ ಹಿಡಿಸಲಿಲ್ಲ. ಕೊನ್‌ಸ್ಟಾಂಟಿನ್ ಸೆರ್ಗೆಯೆವ್ 1950ರಲ್ಲಿ ಕಿರೋವ್‌ಗೆ ಮಾಡಿದ್ದರಲ್ಲಿ ರಾಜಕುಮಾರ ಅವಳನ್ನು ಹಂಸ ಮಾಡಿದ ಮಾಂತ್ರಿಕನ ರೆಕ್ಕೆ ಕಿತ್ತು ಗೆಲ್ಲುತ್ತಾನೆ, ಬೆಳಗಾಗುತ್ತದೆ, ಇಬ್ಬರೂ ಬದುಕುತ್ತಾರೆ. ಬ್ಯಾಲಂಚೀನ್ 1951ರಲ್ಲಿ ಇಡೀ ಬ್ಯಾಲೆಯನ್ನು ಒಂದೇ ಅಂಕಕ್ಕೆ ಇಳಿಸಿದರು. ನುರಿಯೆವ್ 1964ರಲ್ಲಿ ವಿಯೆನ್ನಾದಲ್ಲಿ ಮಾಡಿದ್ದರಲ್ಲಿ ರಾಜಕುಮಾರ ಪ್ರವಾಹದಲ್ಲಿ ಮುಳುಗುತ್ತಾನೆ. ಅಲ್ಲಿ ಅವರೂ ಫಾಂಟೇನ್ ಕೂಡ ಕುಣಿದ ರಾತ್ರಿ ಚಪ್ಪಾಳೆಗೆ ಪರದೆ 89 ಸಲ ಎತ್ತಬೇಕಾಯಿತು, ಅದು ಗಿನ್ನೆಸ್ ದಾಖಲೆ.

ಹಾಗಾಗಿ ನೋಡಲು ಕೂರುವ ಮುಂಚೆ ತಂಡದ ಹೆಸರಿನ ಜೊತೆ ಯಾರ ರೂಪ, ಯಾವ ವರ್ಷದ್ದು ಅಂತಲೂ ನೋಡಿಕೊಳ್ಳಿ. ಮೊದಲ ಸಲ ನೋಡುವವರಾದರೆ ಇಬ್ಬರೂ ಸಾಯುವ ರೂಪವನ್ನೇ ಆರಿಸಿ. ಚೈಕೊವ್‌ಸ್ಕಿ ಬರೆದ ಕೊನೆಯ ಸಂಗೀತಕ್ಕೆ ಅದೇ ಹೊಂದುತ್ತದೆ ಅನ್ನೋದು ನನ್ನ ಲೆಕ್ಕ.